ಕಲ್ಲಿನ ತಿರುಗಾಟ: ಸಿಕ್ಕರ್ ಪಾಯಿಂಟಿನಿಂದ ಬಾದಾಮಿಯವರೆಗೆ

ಶಿಲಾಚಕ್ರ ಎಂಬ ಮಾತನ್ನು ನಮ್ಮಲ್ಲಿ ಹೆಚ್ಚಿನವರು ಮೊದಲು ಕೇಳಿದ್ದು ಪ್ರೌಢಶಾಲೆಯ ಭೂಗೋಳ ಪಾಠದಲ್ಲಿ. ಕಪ್ಪುಹಲಗೆಯ ಮೇಲೆ ಮೂರು ಚೌಕಗಳು: ಅಗ್ನಿಶಿಲೆ, ಜಲಜಶಿಲೆ, ರೂಪಾಂತರ ಶಿಲೆ. ಅವುಗಳ ನಡುವೆ ಬಾಣಗಳು, ಪರೀಕ್ಷೆಯಲ್ಲಿ ಅದಕ್ಕೆ ಒಂದಿಷ್ಟು ಅಂಕಗಳು. ಹೊರದೇಶದ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳೂ ಇದೇ ಚಿತ್ರವನ್ನು ಬಣ್ಣದ ಕಾಗದದಲ್ಲಿ ಕತ್ತರಿಸಿ ಅಂಟಿಸುತ್ತಾರೆ. ಚಿತ್ರ ತಪ್ಪಲ್ಲ. ಆದರೆ ಎರಡು ಮುಖ್ಯ ಸಂಗತಿಗಳು ಅದರಲ್ಲಿ ಕಾಣುವುದಿಲ್ಲ. ಒಂದು ಬಾಣವನ್ನು ದಾಟಲು ಕಲ್ಲಿಗೆ ಎಷ್ಟು ಕಾಲ ಬೇಕು? ಒಂದು ಚೌಕದಲ್ಲಿ ಅದು ಎಷ್ಟು ಕಾಲ ಸುಮ್ಮನೆ ಕುಳಿತಿರಬಲ್ಲದು? ಇದನ್ನು ಹೇಳದೆ ಚಕ್ರ ಎಂದುಬಿಟ್ಟರೆ, ಗಾಣದ ಎತ್ತಿನಂತೆ ಕಲ್ಲು ಕೂಡ ಒಂದೇ ದಾರಿಯಲ್ಲಿ, ಒಂದೇ ನಡಿಗೆಯಲ್ಲಿ ಸುತ್ತುತ್ತಿದೆ ಎಂಬ ಭಾವನೆ ಮನಸ್ಸಿನಲ್ಲಿ ಉಳಿದುಬಿಡುತ್ತದೆ.

ವಾಸ್ತವದಲ್ಲಿ ಕೆಲವು ಕಲ್ಲುಗಳು ಇಪ್ಪತ್ತು ಕೋಟಿ ವರ್ಷದೊಳಗೆ ಮರಳಿ ಭೂಗರ್ಭ ಸೇರುತ್ತವೆ. ಕೆಲವು ಮುನ್ನೂರು ಕೋಟಿ ವರ್ಷ ಕಳೆದರೂ ಹೆಚ್ಚು ಕದಲದೆ ಕುಳಿತಿವೆ. ನಾನು ಹುಟ್ಟಿ ಬೆಳೆದ ಬಯಲುಸೀಮೆಯ ಬಂಡೆಗಳು ಈ ಎರಡನೆಯ ಜಾತಿಗೆ ಸೇರಿದವು. ಈಗ ನೆಲೆಸಿರುವ ಎಡಿನ್‌ಬರೋದ ಸುತ್ತಲಿನ ನೆಲ ಅದಕ್ಕಿಂತ ಎಷ್ಟೋ ಕಿರಿಯದು, ಹಲವು ಬಾರಿ ಕಲಕಿದ್ದು. ಶಿಲಾಚಕ್ರದ ಕಲ್ಪನೆ ಮೊದಲು ಸ್ಪಷ್ಟ ರೂಪ ಪಡೆದದ್ದೂ ಇಲ್ಲಿಯೇ. ಆದ್ದರಿಂದ ಈ ಎರಡು ನೆಲಗಳನ್ನು ಅಕ್ಕಪಕ್ಕ ಇಟ್ಟುಕೊಂಡು ವಿಷಯವನ್ನು ವಿವರಿಸುತ್ತೇನೆ.

ಈ ಕಲ್ಪನೆ ಹುಟ್ಟಿದ್ದು ಹೊಲದಲ್ಲಿ ಎಂದರೆ ಅತಿಶಯೋಕ್ತಿಯಾಗದು. ಜೇಮ್ಸ್ ಹಟನ್ (1726–1797) ಎಡಿನ್‌ಬರೋದ ವರ್ತಕನೊಬ್ಬನ ಮಗ. 1749ರಲ್ಲಿ ಲೈಡನ್‌ನಲ್ಲಿ ವೈದ್ಯ ಪದವಿ ಪಡೆದರೂ ಆ ವೃತ್ತಿಯನ್ನು ಹಿಡಿಯಲಿಲ್ಲ. ಗೆಳೆಯನೊಡನೆ ಸೇರಿ ಹೊಗೆಯ ಮಸಿಯಿಂದ ನವಸಾಗರ ತಯಾರಿಸುವ ಉದ್ಯಮದಲ್ಲಿ ಕೈಹಾಕಿದ. ನಮ್ಮೂರುಗಳಲ್ಲಿ ಪಾತ್ರೆಗೆ ಕಲಾಯಿ ಹಾಕುವವರು ಬಳಸುತ್ತಿದ್ದ ಅದೇ ನವಸಾಗರ. ಅದರ ಆದಾಯ ಜೀವನಕ್ಕೆ ಸಾಕಾಯಿತು. ತಂದೆಯಿಂದ ಬಂದ ಜಮೀನು ಬೆರ್ವಿಕ್‌ಶೈರ್‌ನಲ್ಲಿತ್ತು. ಅಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಬೇಸಾಯ ಮಾಡುತ್ತ, ಪ್ರತಿ ಮಳೆಗೂ ಹೊಲದ ಮಣ್ಣು ಹಳ್ಳಕ್ಕೆ, ಹಳ್ಳದಿಂದ ಸಮುದ್ರಕ್ಕೆ ಹೋಗುವುದನ್ನು ಆತ ಕಂಡ.

ಈ ನೋಟ ಯಾವ ರೈತನಿಗೂ ಹೊಸದಲ್ಲ. ಹಟನ್ ಕೇಳಿದ ಮುಂದಿನ ಪ್ರಶ್ನೆ ಹೊಸದಾಗಿತ್ತು. ಬಂಡೆ ಕರಗಿ ಮಣ್ಣಾಗಬೇಕು, ಇಲ್ಲದಿದ್ದರೆ ಬೆಳೆಯಿಲ್ಲ. ಆದರೆ ಮಣ್ಣು ಹೀಗೆ ಕೊಚ್ಚಿಹೋಗುತ್ತಲೇ ಇದ್ದರೆ ನೆಲವೆಲ್ಲ ಎಂದೋ ಸವೆದು ಸಮುದ್ರಮಟ್ಟಕ್ಕೆ ಇಳಿದಿರಬೇಕಿತ್ತು. ಹಾಗಾಗಿಲ್ಲ. ಅಂದರೆ ಕೊಚ್ಚಿಹೋದದ್ದು ಸಮುದ್ರದ ತಳದಲ್ಲಿ ಮತ್ತೆ ಕಲ್ಲಾಗಿ, ಆ ಕಲ್ಲು ಮತ್ತೆ ಮೇಲೆದ್ದು ನೆಲವಾಗುವ ಏರ್ಪಾಡು ಯಾವುದೋ ಇರಬೇಕು. ಗಟ್ಟಿಮಾಡುವುದಕ್ಕೂ ಮೇಲೆತ್ತುವುದಕ್ಕೂ ಭೂಮಿಯ ಒಳಗಿನ ಶಾಖವೇ ಕಾರಣ ಎಂದು ಆತ ಊಹಿಸಿದ. 1785ರಲ್ಲಿ ಎಡಿನ್‌ಬರೋದ ರಾಯಲ್ ಸೊಸೈಟಿಯಲ್ಲಿ ಈ ಸಿದ್ಧಾಂತದ ಮಂಡನೆಯಾಯಿತು. ಹಟನ್‌ಗೆ ಆ ದಿನ ಮೈ ಸರಿಯಿರಲಿಲ್ಲವಾಗಿ ಮೊದಲ ಭಾಗವನ್ನು ಓದಿದ್ದು ಗೆಳೆಯ, ರಸಾಯನ ವಿಜ್ಞಾನಿ ಜೋಸೆಫ್ ಬ್ಲ್ಯಾಕ್.

ಯುರೋಪಿನಲ್ಲಿ ಆಗ ಪ್ರಬಲವಾಗಿದ್ದ ವಾದ ಬೇರೆಯೇ ಇತ್ತು. ಫ್ರೈಬರ್ಗ್‌ನ ಗಣಿಶಾಲೆಯಲ್ಲಿ ಬೋಧಿಸುತ್ತಿದ್ದ ಅಬ್ರಹಾಂ ವರ್ನರ್ ಮತ್ತು ಅವನ ಶಿಷ್ಯರ ಪ್ರಕಾರ ಗ್ರಾನೈಟ್, ಬೆಸಾಲ್ಟ್ ಸಹಿತ ಬಹುತೇಕ ಶಿಲೆಗಳು ಆದಿಯ ಸಮುದ್ರವೊಂದರಿಂದ ಹರಳುಗಟ್ಟಿ ತಳಕ್ಕೆ ಇಳಿದವು. ಅದು ಒಮ್ಮೆ ಆಗಿ ಮುಗಿದ ಕೆಲಸ. ಅದರಲ್ಲಿ ಮರಳಿ ಬರುವ ದಾರಿಯಿಲ್ಲ. ಇವೆರಡರಲ್ಲಿ ಯಾವುದು ಸರಿ ಎಂಬುದನ್ನು ಕಲ್ಲನ್ನೇ ಕೇಳಬೇಕಾಗಿತ್ತು.

ಮೊದಲ ಸಾಕ್ಷಿ ಎಡಿನ್‌ಬರೋ ನಗರದ ನಡುವೆಯೇ ಇದೆ. ಆರ್ಥರ್ಸ್ ಸೀಟ್ ಎಂಬ ಬೆಟ್ಟ ಸುಮಾರು 34 ಕೋಟಿ ವರ್ಷ ಹಿಂದಿನ ಜ್ವಾಲಾಮುಖಿಯ ಅವಶೇಷ. ಅದರ ಪಕ್ಕದಲ್ಲಿ ಸ್ಯಾಲಿಸ್‌ಬರಿ ಕ್ರಾಗ್ಸ್ ಎಂಬ ಕಪ್ಪುಗಲ್ಲಿನ ಕಡಿದಾದ ಗೋಡೆ ನಿಂತಿದೆ. ಅದರ ಬುಡದಲ್ಲಿ ಕಪ್ಪುಗಲ್ಲು ಮರಳುಶಿಲೆಯ ಪದರಗಳನ್ನು ಸಂಧಿಸುವ ಜಾಗವನ್ನು ಈಗ ಹಟನ್‌ನ ಹೆಸರಿನಿಂದಲೇ ಕರೆಯುತ್ತಾರೆ. ಕಪ್ಪುಗಲ್ಲು ಪದರಗಳ ಮೇಲೆ ಶಾಂತವಾಗಿ ಕುಳಿತಿಲ್ಲ. ಪದರಗಳನ್ನು ಎಬ್ಬಿಸಿ, ಬಗ್ಗಿಸಿ, ಒಂದು ತುಂಡನ್ನು ಕಿತ್ತು ತನ್ನೊಳಗೆ ಸೇರಿಸಿಕೊಂಡಿದೆ. ನೀರಿನಿಂದ ಮೆಲ್ಲಗೆ ಇಳಿದು ಕೂತ ವಸ್ತುವಿಗೆ ಈ ಬಲ ಇರಲಾರದು. ಕುದಿಯುವ ಶಿಲಾಪಾಕವಾಗಿ ನುಗ್ಗಿದ್ದರೆ ಮಾತ್ರ ಸಾಧ್ಯ. ಗೋಡೆಯ ಅಂಚಿನಲ್ಲಿ ಹರಳುಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ನಡುಭಾಗದಲ್ಲಿ ಅವೇ ದಪ್ಪ. ತಣ್ಣನೆಯ ಕಲ್ಲು ತಾಗಿದ ಅಂಚು ಬೇಗ ಹೆಪ್ಪುಗಟ್ಟಿತು, ನಡುವಿಗೆ ಹರಳು ಬೆಳೆಸಿಕೊಳ್ಳಲು ಬಿಡುವು ಸಿಕ್ಕಿತು.

ಅಗ್ನಿಶಿಲೆಯನ್ನು ಓದುವ ಮೂಲ ಸೂತ್ರ ಇಷ್ಟೇ: ಹರಳು ದಪ್ಪವಿದ್ದರೆ ನಿಧಾನವಾಗಿ ಆಳದಲ್ಲಿ ತಣಿದದ್ದು, ಸಣ್ಣದಿದ್ದರೆ ಬೇಗ ತಣಿದದ್ದು. ಅಡುಗೆಮನೆಯ ಕಟ್ಟೆಯ ಮೇಲೂ ಇದನ್ನು ಪರೀಕ್ಷಿಸಬಹುದು. ಇಳಕಲ್ಲಿನ ಕೆಂಪು ಗ್ರಾನೈಟ್ ಚಪ್ಪಡಿ ದೇಶವಿದೇಶಗಳ ಮನೆಗಳನ್ನು ಸೇರಿದೆ. ಅದರಲ್ಲಿ ಕೆಂಪು ಫೆಲ್ಡ್‌ಸ್ಪಾರ್, ಬೂದು ಬೆಣಚು, ಕಪ್ಪು ಖನಿಜ ಒಂದೊಂದೂ ಬರಿಗಣ್ಣಿಗೆ ಬೇರೆಯಾಗಿ ಕಾಣುತ್ತವೆ. ಚಾಮರಾಜನಗರದ ಕಡೆಯಿಂದ ಬರುವ ಕರಿಯ ಚಪ್ಪಡಿಯನ್ನೂ ಅಂಗಡಿಯವರು ಗ್ರಾನೈಟ್ ಎಂದೇ ಮಾರುತ್ತಾರೆ. ಭೂವಿಜ್ಞಾನದ ಲೆಕ್ಕದಲ್ಲಿ ಅದು ಗ್ರಾನೈಟ್ ಅಲ್ಲ, ಬಿರುಕುಗಳಲ್ಲಿ ಗೋಡೆಯಂತೆ ನುಗ್ಗಿ ತಣಿದ ಡಾಲರೈಟ್. ಸ್ಯಾಲಿಸ್‌ಬರಿ ಕ್ರಾಗ್ಸ್‌ನ ಕಲ್ಲಿಗೆ ಹತ್ತಿರದ ಸಂಬಂಧಿ.

ಹಟನ್‌ನ ಕಿರಿಯ ಗೆಳೆಯ ಜೇಮ್ಸ್ ಹಾಲ್ ಇದನ್ನು ಕುಲುಮೆಯಲ್ಲಿ ಪರೀಕ್ಷಿಸಲು ಬಯಸಿದ. ಭೂಮಿಯ ಒಳಗಿನ ಮಹಾಕಾರ್ಯವನ್ನು ಮೂಸೆಯೊಳಗೆ ತರುವುದು ಹಟನ್‌ಗೆ ಇಷ್ಟವಿರಲಿಲ್ಲ. ಗುರುಸಮಾನನಾದವನ ಮೇಲಿನ ಗೌರವದಿಂದ ಹಾಲ್ ಆತ ತೀರಿಕೊಳ್ಳುವವರೆಗೂ ತನ್ನ ಫಲಿತಾಂಶಗಳನ್ನು ತಡೆಹಿಡಿದ. ಆ ಬಳಿಕ, 1798ರಲ್ಲಿ ಮುಂದಿಟ್ಟ ಪ್ರಯೋಗ ಬಹು ಸರಳ: ಬೆಸಾಲ್ಟಿನಂಥ ಕಲ್ಲನ್ನು ಕರಗಿಸಿ ಬೇಗ ತಣಿಸಿದರೆ ಗಾಜು, ನಿಧಾನವಾಗಿ ತಣಿಸಿದರೆ ಮತ್ತೆ ಹರಳುಹರಳಾದ ಕಲ್ಲು. ಇನ್ನೊಂದು ಪ್ರಯೋಗ ನನ್ನ ಮಟ್ಟಿಗೆ ಇನ್ನೂ ಸೊಗಸಾದದ್ದು. ಸುಣ್ಣದ ಕಲ್ಲನ್ನು ಬಯಲಿನಲ್ಲಿ ಸುಟ್ಟರೆ ಅನಿಲ ಬಿಟ್ಟು ಸುಣ್ಣವಾಗುತ್ತದೆ ಎಂಬುದು ಗೂಡು ಹಾಕುವವರೆಲ್ಲರಿಗೂ ಗೊತ್ತು. ಹಾಲ್ ಸೀಮೆಸುಣ್ಣದ ಪುಡಿಯನ್ನು ಬಂದೂಕಿನ ನಳಿಗೆಯಲ್ಲಿ ತುಂಬಿ, ಬಾಯಿ ಬಿಗಿದು ಕಾಯಿಸಿದ. ಅನಿಲ ಹೊರಹೋಗಲು ದಾರಿಯಿಲ್ಲದೆ ಪುಡಿ ಅಮೃತಶಿಲೆಯಂಥ ಗಟ್ಟಿ ಕಲ್ಲಾಯಿತು. ಶಾಖ ಒಂದೇ, ಒತ್ತಡ ಬೇರೆ, ಫಲ ಬೇರೆ. ರೂಪಾಂತರ ಶಿಲೆ ಎಂಬ ಚೌಕದ ಹಿಂದಿರುವ ತತ್ತ್ವ ಈ ನಳಿಗೆಯಲ್ಲಿದೆ.

ಇಷ್ಟೆಲ್ಲ ಸಾಕ್ಷಿಗಳಿದ್ದರೂ ಮಣ್ಣಾಗಿ ಹೋದ ನೆಲ ಮತ್ತೆ ನೆಲವಾಯಿತು ಎಂಬುದನ್ನು ಒಂದೇ ನೋಟಕ್ಕೆ ತೋರಿಸುವ ಜಾಗ ಹಟನ್‌ಗೆ ಬೇಕಿತ್ತು. 1788ರಲ್ಲಿ, ತನ್ನ ಅರವತ್ತೆರಡರ ವಯಸ್ಸಿನಲ್ಲಿ, ಹಾಲ್ ಮತ್ತು ಗಣಿತಜ್ಞ ಜಾನ್ ಪ್ಲೇಫೇರ್ ಜೊತೆಗೆ ಆತ ದೋಣಿಯಲ್ಲಿ ಬೆರ್ವಿಕ್‌ಶೈರ್ ಕರಾವಳಿಯುದ್ದಕ್ಕೂ ಹುಡುಕುತ್ತ ಹೊರಟ. ಎಡಿನ್‌ಬರೋದ ಪೂರ್ವಕ್ಕೆ, ಹುಲ್ಲಿನ ಇಳಿಜಾರೊಂದರ ಕೆಳಗೆ, ಸಿಕ್ಕರ್ ಪಾಯಿಂಟ್ ಎಂಬ ಮೂಲೆಯಲ್ಲಿ ಅದು ಸಿಕ್ಕಿತು. ಹೋಗಬಯಸುವ ಓದುಗರಿಗೆ ಒಂದು ಮಾತು: ಇಳಿಜಾರು ತುಂಬ ಕಡಿದು, ಮಳೆ ಬಂದರೆ ಜಾರುತ್ತದೆ. ಗಟ್ಟಿ ಬೂಟು ಇರಲಿ. ಮೇಲಿನಿಂದಲೇ ನೋಡಿದರೂ ನಷ್ಟವಿಲ್ಲ.

ಕೆಳಗೆ ಬೂದುಬಣ್ಣದ ಪದರಗಳು ಕಪಾಟಿನಲ್ಲಿಟ್ಟ ಪುಸ್ತಕಗಳಂತೆ ನೆಟ್ಟಗೆ ನಿಂತಿವೆ. ಅವುಗಳ ತಲೆಯ ಮೇಲೆ ಕೆಂಪು ಮರಳುಶಿಲೆಯ ಪದರಗಳು ತುಸು ಓರೆಯಾಗಿ ಮಲಗಿವೆ. ಈಗ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗೋಣ. ಕೆಸರು ಮರಳುಗಳು ನೀರಿನಲ್ಲಿ ಗೋಡೆಯಂತೆ ನಿಂತು ಪದರಗಟ್ಟುವುದಿಲ್ಲ. ಆದ್ದರಿಂದ ಬೂದು ಪದರಗಳು ಮೊದಲು ಸಮುದ್ರದ ತಳದಲ್ಲಿ ಮಲಗಿದ್ದವು. ಆ ಮರಳು ಎಲ್ಲಿಂದಲೋ ಬಂದಿರಬೇಕು. ಅಂದರೆ ಅದಕ್ಕೂ ಮೊದಲೊಂದು ನೆಲವಿತ್ತು, ಅದು ಸವೆದಿತ್ತು. ಪದರಗಳು ಕಲ್ಲಾದವು. ಬಳಿಕ ಮಡಿಚಿಕೊಂಡು ನೆಟ್ಟಗಾದವು, ಸಮುದ್ರದಿಂದ ಮೇಲೆದ್ದವು. ಅವುಗಳ ತಲೆ ಸವೆದು ಮಟ್ಟವಾಯಿತು. ಆ ಮಟ್ಟದ ಮೇಲೆ ನದಿಗಳು ಕೆಂಪು ಮರಳನ್ನು ಹಾಸಿದವು. ಅದರ ಅಡಿಯಲ್ಲಿ ಬೂದುಗಲ್ಲಿನ ಒಡೆದ ಚೂರುಗಳು ಸಿಕ್ಕಿಕೊಂಡಿರುವುದನ್ನು ಇಂದಿಗೂ ಕಾಣಬಹುದು. ಕೆಂಪು ಮರಳೂ ಹೂತು ಕಲ್ಲಾಗಿ, ಓರೆಯಾಗಿ, ಎದ್ದು ಬಂದು ಈಗ ಉತ್ತರ ಸಮುದ್ರದ ಅಲೆಗಳಿಗೆ ಸಿಕ್ಕು ಮತ್ತೆ ಮರಳಾಗುತ್ತಿದೆ. ಕಾಲದ ಆ ಆಳವನ್ನು ನೋಡಿ ತಲೆ ಸುತ್ತಿದಂತಾಯಿತೆಂದು ಪ್ಲೇಫೇರ್ ಮುಂದೆ ಬರೆದ.

ಅವರು ಕಂಡದ್ದು ಕಾಲದ ಕ್ರಮ. ಅಂಕಿಗಳು ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ, ವಿಕಿರಣಶೀಲ ಧಾತುಗಳ ಕ್ಷಯದ ಲೆಕ್ಕದಿಂದ. ಬೂದು ಪದರಗಳಿಗೆ ಸುಮಾರು 43.5 ಕೋಟಿ ವರ್ಷ, ಕೆಂಪು ಪದರಗಳಿಗೆ ಸುಮಾರು 37 ಕೋಟಿ ವರ್ಷ. ಒಂದು ಗೇಣು ಅಗಲವೂ ಇಲ್ಲದ ಗಡಿಗೆರೆಯಲ್ಲಿ ಆರೂವರೆ ಕೋಟಿ ವರ್ಷ ಕಳೆದುಹೋಗಿದೆ. ಡೈನೋಸಾರ್‌ಗಳು ಅಳಿದು ಇಂದಿನವರೆಗೆ ಕಳೆದಿರುವುದೂ ಹೆಚ್ಚುಕಡಿಮೆ ಅಷ್ಟೇ ಕಾಲ. ಇಂಥ ಗಡಿಯನ್ನು ಭೂವಿಜ್ಞಾನದಲ್ಲಿ ಅನ್‌ಕನ್ಫರ್ಮಿಟಿ ಎನ್ನುತ್ತಾರೆ. ಹಾಳೆಗಳು ಹರಿದುಹೋದ ಪುಸ್ತಕದಲ್ಲಿ ಪುಟಸಂಖ್ಯೆ ಹಾರಿದಂತೆ ಅದು.

ಕನ್ನಡ ನಾಡಿನಲ್ಲಿಯೂ ಇಂಥದೇ ಗಡಿ ಇದೆ. ಆದರೆ ಅದರ ಮೇಲೆ ಕುಳಿತ ಕೆಂಪುಕಲ್ಲನ್ನು ನಾವು ಶಿಲ್ಪಕ್ಕಾಗಿ ನೋಡಲು ಹೋಗುತ್ತೇವೆ, ಕಲ್ಲಿಗಾಗಿ ಹೋಗುವವರು ವಿರಳ. ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಆ ಗುಹೆಯನ್ನು ಕೊರೆದ ಮರಳುಶಿಲೆಯ ಪದರಗಳು ನೂರಾರು ಕೋಟಿ ವರ್ಷದ ಹಳಮೆಯ ನಾಡಿನಲ್ಲಿ ಇಂದಿಗೂ ಬಹುಮಟ್ಟಿಗೆ ಅಡ್ಡಡ್ಡವಾಗಿಯೇ ಮಲಗಿವೆ. ಕಂಬಗಳ ಮೇಲೆ, ಗೋಡೆಗಳ ಮೇಲೆ ಓರೆ ಗೆರೆಗಳ ಗುಂಪುಗಳು ಕಾಣುತ್ತವೆ. ಅವು ಶಿಲ್ಪಿಯ ಉಳಿಯವಲ್ಲ, ಹರಿವ ನೀರು ಮರಳನ್ನು ಇಳಿಜಾರಾಗಿ ಒಟ್ಟಿದ ಗುರುತು. ಮುಂದಿನ ಬಾರಿ ಹೋದವರು ಅವುಗಳ ಓರೆ ಯಾವ ಕಡೆಗಿದೆ ಎಂದು ನೋಡಿದರೆ ಆ ಹಳೆಯ ನೀರು ಯಾವ ದಿಕ್ಕಿಗೆ ಹರಿಯುತ್ತಿತ್ತೆಂದು ಹೇಳಬಹುದು. ಕೆಂಪು ಬಣ್ಣ ಕಬ್ಬಿಣದ ತುಕ್ಕಿನದು, ಸಿಕ್ಕರ್ ಪಾಯಿಂಟಿನಲ್ಲಿ ಇರುವಂತೆಯೇ.

ಬಾದಾಮಿಯ ಈ ಪದರಗಳ ಕೆಳಗೆ ಬಾಗಲಕೋಟೆಯ ಹೆಸರಿನ ಇನ್ನೊಂದು ಪದರಗುಂಪು ಇದೆ: ಬೆಣಚುಮಯ ಗಟ್ಟಿ ಕಲ್ಲು, ಸುಣ್ಣದ ಕಲ್ಲು, ಜೇಡಿಯ ಪದರಗಳು. ಇವು ನೂರು ಕೋಟಿ ವರ್ಷಕ್ಕೂ ಹಿಂದಿನವು, ಮಡಿಚಿ ಓರೆಯಾದವು. ಅವುಗಳ ಸವೆದ ತಲೆಯ ಮೇಲೆ ಮಡಿಚದ ಬಾದಾಮಿ ಪದರಗಳು ಕುಳಿತಿವೆ. ಎರಡನ್ನೂ ಸೇರಿಸಿ ಕಲಾದಗಿ ಸಮೂಹ ಎನ್ನುತ್ತಾರೆ, ದಾಳಿಂಬೆಗೆ ಹೆಸರಾದ ಆ ಊರಿನಿಂದಲೇ. ಈ ಸುಣ್ಣದ ಕಲ್ಲು ಸಿಮೆಂಟ್ ಗೂಡುಗಳಿಗೆ ಹೋಗುತ್ತದೆ. ಅಲ್ಲಿ ನಡೆಯುವುದು ಹಾಲ್‌ನ ಪ್ರಯೋಗದ ತಿರುಗುಮುರುಗು: ಮುಚ್ಚಳವಿಲ್ಲದ ಶಾಖ, ಆದ್ದರಿಂದ ನೂರು ಕೋಟಿ ವರ್ಷ ಕಲ್ಲಿನಲ್ಲಿ ಬಂಧಿಯಾಗಿದ್ದ ಅನಿಲ ಕೆಲವೇ ಗಂಟೆಗಳಲ್ಲಿ ಗಾಳಿಗೆ. ಶಿಲಾಚಕ್ರದ ಒಂದು ಬಾಣವನ್ನು ನಾವು ಎಷ್ಟು ಗಿಡ್ಡ ಮಾಡಿದ್ದೇವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಈ ಪದರಗಳ ಮರಳು ಎಲ್ಲಿಂದ ಬಂತು ಎಂದು ಹಟನ್‌ನಂತೆ ಕೇಳಿದರೆ ಉತ್ತರ ಇನ್ನೂ ಹಳೆಯ ಕಲ್ಲಿಗೆ ಕರೆದೊಯ್ಯುತ್ತದೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಯನ್ನು ಯಾರು ಹತ್ತಿಲ್ಲ? ಅದು ನೈಸ್ ಎಂಬ ರೂಪಾಂತರ ಶಿಲೆ. ಬಿಳಿ, ಬೂದು, ಕಪ್ಪು ಪಟ್ಟೆಗಳು ಹಿಟ್ಟು ನಾದಿದಂತೆ ಸುತ್ತಿಕೊಂಡಿವೆ. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಇಂಥ ಕಲ್ಲಿಗೆ ಪೆನಿನ್ಸುಲರ್ ನೈಸ್ ಎಂದು ಹೆಸರಿಟ್ಟ. ವಯಸ್ಸು ಸುಮಾರು 300 ಕೋಟಿ ವರ್ಷ, ಕೆಲವು ಭಾಗಗಳಿಗೆ ಅದಕ್ಕೂ ಹೆಚ್ಚು. ಇದೇ ಆದಿಯೇ ಎಂದರೆ ಅಲ್ಲ. ನೀರು ಕುಡಿದ ಬೆಸಾಲ್ಟಿನಂಥ ಇನ್ನೂ ಹಳೆಯ ಶಿಲೆ ಆಳದಲ್ಲಿ ಅರೆಕರಗಿ ಈ ಕಲ್ಲಿನ ಮೂಲವಸ್ತು ಹುಟ್ಟಿತು ಎಂಬುದು ಅದರ ರಾಸಾಯನಿಕ ಸಂಯೋಜನೆಯಿಂದ ತಿಳಿಯುತ್ತದೆ. ನಮಗೆ ದೊರೆಯುವ ಅತಿ ಹಳೆಯ ಕಲ್ಲು ಕೂಡ ಮರುಬಳಕೆಯ ಕಲ್ಲೇ.

ಈ ನೈಸ್ ಹಾಸಿನ ಮೇಲೆ ಧಾರವಾಡ ಸಮೂಹದ ಶಿಲೆಗಳು ಕುಳಿತಿವೆ. ಚಿಕ್ಕಮಗಳೂರಿನ ಬಾಬಾಬುಡನ್ ಬೆಟ್ಟಸಾಲಿನ ಬುಡದಲ್ಲಿ ಉರುಟಾದ ಬೆಣಚುಕಲ್ಲುಗಳು ಗಟ್ಟಿಯಾಗಿ ಅಂಟಿಕೊಂಡ ಪದರವಿದೆ. ಯಾವುದೋ ನದಿ ಉರುಳಿಸಿ ನುಣುಪಾಗಿಸಿದ ಕಲ್ಲುಗಳು. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾ ಇದೆ. ಲಾವಾ ನೀರಿನೊಳಗೆ ಉಕ್ಕಿದಾಗ ಮಾತ್ರ ಹೊರಮೈ ಥಟ್ಟನೆ ಗಟ್ಟಿಯಾಗಿ ಆ ಆಕಾರ ಬರುತ್ತದೆ. ಇಂದು ಬಂಗುಡೆಯಷ್ಟೂ ನೀರು ಕಾಣದ ಆ ಬರದ ನಾಡಿನಲ್ಲಿ ಸುಮಾರು 250 ಕೋಟಿ ವರ್ಷಗಳ ಹಿಂದೆ ಸಮುದ್ರವಿತ್ತೆಂಬುದಕ್ಕೆ ಅದೇ ಸಾಕ್ಷಿ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಆಳದಿಂದ ಗ್ರಾನೈಟಿನ ಉದ್ದನೆಯ ಪಟ್ಟಿಯೊಂದು ನುಗ್ಗಿತು. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಅದರಿಂದಲೇ ಆ ಗ್ರಾನೈಟಿಗೆ ಕ್ಲೋಸ್‌ಪೇಟ್ ಗ್ರಾನೈಟ್ ಎಂಬ ಹೆಸರು ಬಂತು.

ಧಾರವಾಡ ಶಿಲೆಗಳ ನಡುವೆ ನಮಗೆಲ್ಲ ಕೈಯಾರೆ ಪರಿಚಯವಾದ ಒಂದು ಕಲ್ಲಿದೆ. ಬೇಲೂರು ಹಳೇಬೀಡುಗಳ ಶಿಲ್ಪಿಗಳು ಆರಿಸಿಕೊಂಡ ಬಳಪದ ಕಲ್ಲು ಮೆಗ್ನೀಸಿಯಂ ಹೇರಳವಾಗಿದ್ದ ಅಗ್ನಿಶಿಲೆಯಿಂದ ಹುಟ್ಟಿದ್ದು. ಬಿಸಿನೀರು ಮತ್ತು ಒತ್ತಡಕ್ಕೆ ಸಿಕ್ಕು ಅದರ ಗಟ್ಟಿ ಖನಿಜಗಳು ಉಗುರಿನಿಂದ ಗೀರಬಹುದಾದ ಟಾಲ್ಕ್ ಹಾಗೂ ಅದರ ಜೊತೆಗಾರ ಖನಿಜಗಳಾದವು. ರೂಪಾಂತರ ಎಂದರೆ ಯಾವಾಗಲೂ ಗಟ್ಟಿಯಾಗುವುದು ಎಂದುಕೊಂಡವರಿಗೆ ಇದು ಆಶ್ಚರ್ಯ ತರಬಹುದು. ಮಕ್ಕಳ ಬಳಪವೂ ಈ ಜಾತಿಯ ಕಲ್ಲಿನಿಂದಲೇ. ಅದರಿಂದ ಬರೆಯುತ್ತಿದ್ದ ಕಲ್ಲಿನ ಸ್ಲೇಟು ಇನ್ನೊಂದು ದಾರಿಯಿಂದ ಬಂದದ್ದು: ಸಮುದ್ರದ ನುಣ್ಣನೆಯ ಕೆಸರು ಹೂತು, ಒತ್ತಿ, ಹಾಳೆಹಾಳೆಯಾಗಿ ಬಿಡಿಸಿಕೊಳ್ಳುವ ಕಲ್ಲಾಯಿತು. ಬೆಂಕಿಯ ವಂಶದ ಕಲ್ಲಿನಿಂದ ನೀರಿನ ವಂಶದ ಕಲ್ಲಿನ ಮೇಲೆ ನಾವು ಅ ಆ ಇ ಈ ತಿದ್ದಿದೆವು.

ಇಲ್ಲಿಗೆ ಒಂದು ಪ್ರಶ್ನೆ ಏಳಬೇಕು. ಸ್ಕಾಟ್ಲೆಂಡಿನ ಈ ಭಾಗದಲ್ಲಿ ಇಷ್ಟೆಲ್ಲ ಕಲಕಾಟ 45 ಕೋಟಿ ವರ್ಷದೊಳಗೇ ನಡೆದಿದೆ. ಮೈಸೂರು ಪ್ರಸ್ಥಭೂಮಿಯ ನೈಸ್ ಅದರ ಆರೇಳು ಪಟ್ಟು ಕಾಲ ಮೇಲೇಕೆ ಉಳಿಯಿತು? ಉತ್ತರದ ಸುಳಿವು ಕೋಲಾರದ ಗಣಿಯಲ್ಲಿದೆ. 2001ರಲ್ಲಿ ಮುಚ್ಚಿದ ಆ ಗಣಿ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದಿತ್ತು. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಕೆಲಸ ಮಾಡಿದವರಿಗೆ ಅದು ನರಕವೇ. ಆದರೆ ಭೂವಿಜ್ಞಾನದ ಲೆಕ್ಕದಲ್ಲಿ ಅದು ತಂಪು. ಭೂಖಂಡಗಳಲ್ಲಿ ಸಾಮಾನ್ಯವಾಗಿ ಪ್ರತಿ ಕಿ.ಮೀ. ಆಳಕ್ಕೆ 25ರಿಂದ 30 ಡಿಗ್ರಿ ಏರುವಾಗ ಇಲ್ಲಿ ಅದರ ಅರ್ಧದಷ್ಟು ಮಾತ್ರ ಏರುತ್ತದೆ. ಇಂಥ ನೆಲ ಹಗುರ, ತಂಪು, ಗಟ್ಟಿ. ಭೂಫಲಕಗಳು ಡಿಕ್ಕಿ ಹೊಡೆದಾಗ ಅಂಚುಗಳು ನುಗ್ಗಾಗುತ್ತವೆ, ಇದು ನಡುವೆ ನಿಂತುಬಿಡುತ್ತದೆ. ಸಮುದ್ರತಳದ ಬೆಸಾಲ್ಟ್ ಇದಕ್ಕೆ ವಿರುದ್ಧ. ಅದು ತಣಿದಂತೆ ಭಾರವಾಗಿ ಫಲಕದ ಅಂಚಿನಲ್ಲಿ ಕೆಳಗೆ ಜಾರುತ್ತದೆ; ಹಾಗಾಗಿ ಇಂದಿನ ಸಾಗರಗಳ ತಳದಲ್ಲಿ 20 ಕೋಟಿ ವರ್ಷಕ್ಕಿಂತ ಹಳೆಯ ಕಲ್ಲು ದೊರೆಯುವುದು ಬಹಳ ಅಪರೂಪ. ಒಂದೇ ಭೂಮಿಯಲ್ಲಿ ಎರಡು ಬಗೆಯ ಕಾಲಮಾನ.

ಕಲ್ಲಿಗಿಂತ ಹಟಮಾರಿಯಾದದ್ದು ಕೆಲವೊಮ್ಮೆ ಅದರೊಳಗಿನ ಹರಳು. ಪಶ್ಚಿಮ ಆಸ್ಟ್ರೇಲಿಯದ ಜ್ಯಾಕ್ ಹಿಲ್ಸ್‌ನಲ್ಲಿ ಸುಮಾರು 300 ಕೋಟಿ ವರ್ಷ ಹಳೆಯ ಪದರಶಿಲೆಯಿದೆ. ಅದರಲ್ಲಿ ಸಿಕ್ಕ ಜಿರ್ಕಾನ್ ಕಣಗಳಲ್ಲಿ ಕೆಲವಕ್ಕೆ 440 ಕೋಟಿ ವರ್ಷ ವಯಸ್ಸು. ಅವು ಹುಟ್ಟಿದ ಬಂಡೆ ಎಲ್ಲಿಯೂ ಉಳಿದಿಲ್ಲ. ತವರು ಅಳಿದ ಮೇಲೂ ಕಣ ಉಳಿದು, ಕೊಚ್ಚಿಹೋಗಿ, ಇನ್ನೊಂದು ಕಲ್ಲಿನ ಮನೆ ಸೇರಿತು.

ಮೇಲೆ ಉಳಿದ ಕಲ್ಲು ಕೂಡ ಸುಮ್ಮನಿರುವುದಿಲ್ಲ ಎಂಬುದಕ್ಕೆ ಹಂಪೆಯ ಗುಂಡುಗಳೇ ಸಾಕು. ಅವನ್ನು ಯಾರೂ ಉರುಳಿಸಿ ತಂದಿಲ್ಲ. ಹೆಚ್ಚಿನವು ಇದ್ದ ಜಾಗದಲ್ಲೇ ದುಂಡಾದವು. ಗ್ರಾನೈಟಿನ ಬಿರುಕುಗಳು ಚೌಕಚೌಕವಾಗಿರುತ್ತವೆ. ನೆಲದೊಳಗೆ ನೀರು ಆ ಬಿರುಕುಗಳಲ್ಲಿ ಇಳಿದು ಫೆಲ್ಡ್‌ಸ್ಪಾರನ್ನು ಜೇಡಿಯಾಗಿಸುತ್ತದೆ. ಚೌಕದ ಮುಖಕ್ಕೆ ಒಂದು ಕಡೆಯಿಂದ, ಮೂಲೆಗೆ ಮೂರು ಕಡೆಯಿಂದ ದಾಳಿ. ಮೂಲೆ ಮೊದಲು ಸೋಲುತ್ತದೆ. ಸುತ್ತಲಿನ ಮಣ್ಣು ತೊಳೆದುಹೋದಾಗ ಗುಂಡುಗಳು ಉಳಿಯುತ್ತವೆ. ಸಾವನದುರ್ಗದಂಥ ಬೋಳುಬೆಟ್ಟಗಳು ಈರುಳ್ಳಿಯಂತೆ ಸಿಪ್ಪೆ ಬಿಡುವುದಕ್ಕೆ ಮುಖ್ಯ ಕಾರಣ ಮೇಲಿನ ಭಾರ ಇಳಿದು ಕಲ್ಲು ಹಿಗ್ಗುವುದು. ನಮ್ಮ ಕಲ್ಲುಕುಟಿಗರು ಇದನ್ನು ಸಿದ್ಧಾಂತವಿಲ್ಲದೆ ಬಲ್ಲವರು: ಬಂಡೆಯ ಮೇಲೆ ಬೆಂಕಿ ಹರಡಿ, ಮೇಲುಪದರ ಹಿಗ್ಗಿ ಬಿಟ್ಟುಕೊಂಡಾಗ ಅಗಲವಾದ ಚಪ್ಪಡಿ ಎಬ್ಬಿಸುತ್ತಿದ್ದರು.

ಕರಾವಳಿಯಲ್ಲಿ ಮಳೆ ಹೆಚ್ಚು, ಕಥೆ ಬೇರೆ. ಬಂಡೆಯಲ್ಲಿ ಕರಗಬಹುದಾದದ್ದೆಲ್ಲ ಕರಗಿಹೋಗಿ ಕಬ್ಬಿಣ, ಅಲ್ಯುಮಿನಿಯಂ ಉಳಿದ ಕೆಂಪು ಕಲ್ಲೇ ಜಂಬಿಟ್ಟಿಗೆ, ಕರಾವಳಿಯ ಮುರಕಲ್ಲು. ನೆಲದಲ್ಲಿರುವಾಗ ಕೊಯ್ಯುವಷ್ಟು ಮೆದು, ಗಾಳಿಗೆ ಒಣಗಿದರೆ ಗಟ್ಟಿ. ಇದನ್ನು 1807ರಲ್ಲಿ ಲ್ಯಾಟರೈಟ್ ಎಂದು ಕರೆದು ವಿಜ್ಞಾನಲೋಕಕ್ಕೆ ಪರಿಚಯಿಸಿದ್ದು ಫ್ರಾನ್ಸಿಸ್ ಬುಕಾನನ್. ಆತ ಸ್ಕಾಟ್ಲೆಂಡಿನವನು, ಎಡಿನ್‌ಬರೋದಲ್ಲಿ ವೈದ್ಯ ಕಲಿತು 1783ರಲ್ಲಿ ಪದವಿ ಪಡೆದವನು. ಮೈಸೂರು, ಕನ್ನಡ, ಮಲಬಾರ್ ಸೀಮೆಗಳನ್ನು 1800–01ರಲ್ಲಿ ಸುತ್ತಿದವನು. ಲ್ಯಾಟಿನ್ನಿನಲ್ಲಿ ಆ ಹೆಸರಿನ ಮೂಲಕ್ಕೆ ಇಟ್ಟಿಗೆ ಎಂದೇ ಅರ್ಥ. ನಮ್ಮ ಜಂಬಿಟ್ಟಿಗೆಯಲ್ಲಿ ಆ ಇಟ್ಟಿಗೆ ಮೊದಲೇ ಇತ್ತು. ಉತ್ತರಕ್ಕೆ ಹೋದರೆ 6.6 ಕೋಟಿ ವರ್ಷ ಹಿಂದೆ ಹರಿದ ದಖನ್ನಿನ ಲಾವಾ ಹಾಸು. ವಿಜಯಪುರದ ಗೋಳಗುಮ್ಮಟಕ್ಕೆ ಅದು ಕಲ್ಲು ಕೊಟ್ಟಿತು, ಸುತ್ತಲಿನ ಜೋಳದ ಹೊಲಗಳಿಗೆ ಎರೆಮಣ್ಣು ಕೊಟ್ಟಿತು.

ಸವೆದದ್ದು ನದಿ ಸೇರುತ್ತದೆ. ಕೃಷ್ಣೆ ಕಾವೇರಿಯರು ಹೊತ್ತ ಮರಳಿನಲ್ಲಿ ಒಂದಷ್ಟು ಅಣೆಕಟ್ಟುಗಳ ಹಿಂದೆ ಹೂಳಾಗುತ್ತದೆ. ಅದೂ ಮನುಷ್ಯ ಇಟ್ಟ ಹೊಸ ತಂಗುದಾಣವೇ. ಉಳಿದದ್ದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಗಂಗಾ–ಬ್ರಹ್ಮಪುತ್ರಗಳು ಹಿಮಾಲಯದಿಂದ ತರುವ ಹೂಳಿನ ಮುಂದೆ ಇದು ಅಲ್ಪ. ಆ ಕೊಲ್ಲಿಯ ಪೂರ್ವದ ಅಂಚಿನಲ್ಲಿ ಭಾರತದ ಫಲಕ ಅಂಡಮಾನ್–ಸುಮಾತ್ರಾ ಸಾಲಿನಡಿಗೆ ಜಾರುತ್ತಿದೆ. ಜಾರುವಾಗ ಮೇಲಿನ ಕೆಸರು ಮರಳುಗಳಲ್ಲಿ ಬಹುಭಾಗ, ತುರಿಮಣೆಯಲ್ಲಿ ಹೆರೆದಂತೆ, ಹೆರೆದು ಒಟ್ಟಾಗುತ್ತದೆ. ಅಂಡಮಾನ್ ದ್ವೀಪಗಳ ಹೆಚ್ಚಿನ ಕಲ್ಲು ಹೀಗೆ ಎದ್ದು ಬಂದದ್ದು. ಒಳಗೆ ಹೋದ ಫಲಕ ಬಿಸಿಯಾಗಿ ನೀರು ಬಿಡುತ್ತದೆ, ಆ ನೀರು ಮೇಲಿನ ಬಿಸಿಶಿಲೆಯ ಕರಗುವ ಬಿಂದುವನ್ನು ಇಳಿಸುತ್ತದೆ, ಶಿಲಾಪಾಕ ಹುಟ್ಟುತ್ತದೆ. ಭಾರತದ ಏಕೈಕ ಜೀವಂತ ಜ್ವಾಲಾಮುಖಿ ಬ್ಯಾರನ್ ದ್ವೀಪ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಸುಮ್ಮನಿದ್ದು 1991ರಲ್ಲಿ ಮತ್ತೆ ಉಕ್ಕಿದ್ದು ಈ ಕಾರಣದಿಂದ. ಸಿಕ್ಕರ್ ಪಾಯಿಂಟಿನ ನೆಟ್ಟಗೆ ನಿಂತ ಬೂದು ಪದರಗಳೂ ಇಂಥದೇ ಅಂಚಿನಲ್ಲಿ, ಈಗ ಮುಚ್ಚಿಹೋಗಿರುವ ಐಯಾಪೆಟಸ್ ಎಂಬ ಸಾಗರದ ತಳದಿಂದ ಹೆರೆದು ಒಟ್ಟಾದವು ಎಂಬುದು ಬಹುಮಂದಿ ಭೂವಿಜ್ಞಾನಿಗಳ ಅಭಿಪ್ರಾಯ. ಹಟನ್ ಸ್ಕಾಟ್ಲೆಂಡಿನಲ್ಲಿ ಕಂಡದ್ದು ಮುಗಿದ ಕೆಲಸ. ಅಂಡಮಾನಿನ ಪಶ್ಚಿಮಕ್ಕೆ, ಸಮುದ್ರದ ಅಡಿಯಲ್ಲಿ, ಅದೇ ಕೆಲಸ ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ನಡೆಯುತ್ತಿದೆ.